ಕೆಂಚಿ ತೋಳು ಬಿಟ್ಟ ಶನಿವಾರ

"ನಾಯಿಗೆ ಕಚ್ಚೋದನ್ನ ಯಾರಾದ್ರೂ ಹೇಳ್ಕೊಡ್ತಾರೇನೋ? ಅದಕ್ಕೇನು ಬರಲ್ವಾ?"

ಹೋದ ವರ್ಷ ಅಕ್ಟೋಬರ್‌ನ ಒಂದು ಶನಿವಾರ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ನಾಯಿ ತರಬೇತಿ ಕ್ಲಬ್ಬಿನ ಮೈದಾನದ ಬೇಲಿ ಪಕ್ಕ ನಿಂತಿದ್ದೆ. ಹಿಂದೆ ಸಾಲಾಗಿ ನಿಂತ ಕಾರುಗಳೊಳಗಿಂದ ಏಳೆಂಟು ನಾಯಿಗಳು ಒಟ್ಟಿಗೆ ಬೊಗಳುತ್ತಿದ್ದವು. ಆ ಗಲಾಟೆ ಸಕಲೇಶಪುರದ ನಮ್ಮ ಮನೆಯ ಜಗಲಿಯವರೆಗೂ ಹೋಗಿರಬೇಕು, ಅದಕ್ಕೇ ಅಮ್ಮ ಕೇಳಿದ್ದು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಆಮೇಲೆ ಹೇಳ್ತೀನಮ್ಮ" ಅಂದು ಫೋನ್ ಇಟ್ಟೆ. ನನ್ನ ನಾಯಿ ಕೆಂಚಿಗೆ ಈಗ ಹದಿನೇಳು ತಿಂಗಳು. ಅವತ್ತು ಹೇಳಬೇಕಾಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕಾಫಿ ತೋಟದ ನಡುವೆ. ನಮ್ಮಲ್ಲಿ ನಾಯಿ ಅಂದರೆ ಹಗಲು ಕಟ್ಟಿಹಾಕಿ ರಾತ್ರಿ ಬಿಡುವ ಪ್ರಾಣಿ. ಕೆಂಚ, ಕರಿಯ, ಬೊಗ್ಗ ಅಂತ ಒಂದಾದ ಮೇಲೆ ಒಂದು ಬಂದವು. ಎರಡನ್ನು ಕಿರುಬ ಹೊತ್ತುಕೊಂಡು ಹೋಯಿತು. ಅವಕ್ಕೆ ಯಾರೂ ಏನನ್ನೂ ಕಲಿಸಿರಲಿಲ್ಲ. ಬೊಗಳಬೇಕಾದಾಗ ಬೊಗಳುತ್ತಿದ್ದವು, ಗೊತ್ತಿಲ್ಲದವರ ಪಂಚೆಗೆ ಬಾಯಿ ಹಾಕುತ್ತಿದ್ದವು, ಅಪ್ಪ "ಏಯ್" ಅಂದರೆ ಬಾಲ ಮಡಚಿ ಹಿಂದೆ ಸರಿಯುತ್ತಿದ್ದವು. ನಾಯಿಯ ವಿಚಾರದಲ್ಲಿ ನನಗಿದ್ದ ವಿದ್ಯೆ ಅಷ್ಟೇ. ಅದನ್ನೇ ಕಟ್ಟಿಕೊಂಡು ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆಂದು ಜರ್ಮನಿಗೆ ಬಂದವನು, ಈಗ ಕಾರ್ಲ್ಸ್‌ರೂಹೆ ಪಕ್ಕದ ಒಂದು ಹಳ್ಳಿಯಲ್ಲಿದ್ದೇನೆ.

ಮರಿ ತರಲು ಹೋದಾಗ ಅದನ್ನು ಬೆಳೆಸಿದಾಕೆ ಕೇಳಿದ ಮೊದಲ ಪ್ರಶ್ನೆ: ಹೆಸರೇನು ಇಡುತ್ತೀರಿ? ಇಲ್ಲಿ ಒಂದೇ ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರು ಶುರುವಾಗಬೇಕು. ಆ ಸಲದ ಅಕ್ಷರ ಕೆ. ನಾನು ಯೋಚನೆ ಮಾಡದೆ ಕೆಂಚಿ ಅಂದುಬಿಟ್ಟೆ. 'ಚಿ' ಎಂಬ ಒಂದಕ್ಷರ ಬರೆಯಲು ಜರ್ಮನ್ ಕಾಗುಣಿತದಲ್ಲಿ ಟಿ, ಎಸ್, ಸಿ, ಎಚ್, ಐ ಅಂತ ಐದಕ್ಷರ ಬೇಕಾಯಿತು. ಆಕೆ ಎರಡು ಸಲ ಬಾಯಲ್ಲಿ ಹೇಳಿ ನೋಡಿ, ಚೆನ್ನಾಗಿದೆ, ಮೈದಾನದ ತುದಿಯಿಂದ ಕೂಗಿದರೂ ಕೇಳುತ್ತದೆ ಅಂದಳು. ಮರಿಗೆ ಎಂಟು ವಾರ. ಕಪ್ಪು ಬೆನ್ನು, ಕೆಂಚು ಕಾಲು, ಒಂದು ಕಿವಿ ಇನ್ನೂ ಮಡಚಿಕೊಂಡೇ ಇತ್ತು.

ಕೆಂಚಿ ಜರ್ಮನ್ ಶೆಫರ್ಡ್. ಈ ಊರಿಗೂ ಈ ತಳಿಗೂ ನಂಟಿದೆ. ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನೆಯ ಕ್ಯಾಪ್ಟನ್ ಹೆಕ್ಟರ್ ಎಂಬ ನಾಯಿಯನ್ನು ಕೊಂಡುಕೊಂಡು ಅದಕ್ಕೆ ಹೋರಾಂಡ್ ಅಂತ ಹೆಸರಿಟ್ಟ. 1899ರ ಏಪ್ರಿಲ್‌ನಲ್ಲಿ ಇದೇ ಕಾರ್ಲ್ಸ್‌ರೂಹೆಯಲ್ಲಿ ಜರ್ಮನ್ ಶೆಫರ್ಡ್ ಸಂಘ ಹುಟ್ಟಿತು. ತಳಿಪುಸ್ತಕದಲ್ಲಿ ಮೊದಲನೇ ನಂಬರು ಹೋರಾಂಡ್‌ದು. ಕುರಿ ಕಾಯುವ ಕೆಲಸ ಕಡಿಮೆಯಾದಂತೆ, ಯಾವ ನಾಯಿಯಲ್ಲಿ ಧೈರ್ಯ ಇದೆ, ಯಾವುದರಲ್ಲಿ ಬುದ್ಧಿ ಇದೆ, ಯಾವುದು ಮರಿ ಹಾಕಿಸಲು ತಕ್ಕದ್ದು ಅಂತ ನೋಡಲು ಒಂದು ಪರೀಕ್ಷೆ ಬೇಕಾಯಿತು. ಅದೇ ಮುಂದೆ ಆಟವಾಗಿ ಬೆಳೆಯಿತು. 2019ರಿಂದ ಇದರ ಹೆಸರು ಐಜಿಪಿ. ಮೈದಾನದಲ್ಲಿ ಹಳಬರ ಬಾಯಲ್ಲಿ ಇವತ್ತಿಗೂ ಶುಟ್ಸ್‌ಹುಂಡ್, ಅಂದರೆ ರಕ್ಷಣೆಯ ನಾಯಿ. ಮೂರು ಭಾಗ, ಒಂದೊಂದಕ್ಕೂ 100 ಅಂಕ: ಮೂಗಿನಿಂದ ಹೆಜ್ಜೆಜಾಡು ಹಿಡಿಯುವುದು, ಹೇಳಿದ ಮಾತು ಕೇಳುವುದು, ಕೊನೆಗೆ ರಕ್ಷಣೆ. ಜನ ನೋಡಲು ಬರುವುದು ಮೂರನೆಯದಕ್ಕೆ. ಮೊದಲನೆಯದನ್ನು ನೋಡಲು ಬೆಳಗಿನ ಜಾವ ಹೊಲಕ್ಕೆ ಯಾರೂ ಬರುವುದಿಲ್ಲ. ನನಗೆ ಅತಿ ಪ್ರಿಯವಾದದ್ದು ಅದೇ, ಆ ಮಾತು ಆಮೇಲೆ.

ಕ್ಲಬ್ಬಿಗೆ ಫೋನ್ ಮಾಡಿದಾಗ ತರಬೇತಿಯ ಹೊಣೆ ಹೊತ್ತ ಹಿರಿಯರು ಹೇಳಿದ್ದು, "ಮೊದಲ ಮೂರು ಶನಿವಾರ ನಾಯಿ ಇಲ್ಲದೆ ಬನ್ನಿ." ಹಾಗೇ ಹೋದೆ. ಬೆಂಚಿನ ಮೇಲೆ ಕೂತು ನೋಡಿದೆ, ಕಾಫಿ ಕುಡಿದೆ, ಎರಡನೇ ವಾರ ಹುಲ್ಲು ಕತ್ತರಿಸುವ ಯಂತ್ರ ತಳ್ಳಿದೆ. ಇಲ್ಲಿ ಕಲಿಸುವವರಿಗೆ ಸಂಬಳವಿಲ್ಲ. ಬಸ್ಸು ಓಡಿಸುವವರು, ನರ್ಸು, ನಿವೃತ್ತ ಬಡಗಿ, ಹೀಗೆ ಎಲ್ಲರೂ ಬಿಡುವಿನ ವೇಳೆಯಲ್ಲಿ ಬಂದು ಮಾಡುವ ಕೆಲಸ. ಹಾಗಾಗಿ ಬೇಲಿ ರಿಪೇರಿ, ಅಡುಗೆಮನೆ ತೊಳೆಯುವುದು, ಹೆಜ್ಜೆಜಾಡಿಗೆ ಹೊಲ ಕೊಡುವ ರೈತನ ಹತ್ತಿರ ಹೋಗಿ ಅನುಮತಿ ಕೇಳುವುದು, ಎಲ್ಲವೂ ಸದಸ್ಯರದ್ದೇ. ನಾಲ್ಕನೇ ವಾರ ಲಸಿಕೆಯ ಪುಸ್ತಕ, ನಾಯಿಯಿಂದ ಬೇರೆಯವರಿಗೆ ಏನಾದರೂ ಆದರೆ ಕಟ್ಟಿಕೊಡುವ ವಿಮೆಯ ಕಾಗದ ಎರಡನ್ನೂ ತೋರಿಸಿದ ಮೇಲೆಯೇ ಕೆಂಚಿಗೆ ಗೇಟು ತೆರೆಯಿತು. ಅವತ್ತೂ ಅವಳು ಮಾಡಿದ್ದು ಏನೂ ಇಲ್ಲ. ನನ್ನ ಕಾಲ ಬಳಿ ಕೂತು ದೊಡ್ಡ ನಾಯಿಗಳ ಸದ್ದು ಕೇಳಿದಳು, ಏಣಿಯಾಕಾರದ ಹಲಗೆಯ ಕೆಳಗೆ ಮೂಸಿದಳು, ನಿದ್ದೆ ಹೋದಳು. ಹಿರಿಯರು ಅದನ್ನು ನೋಡಿ ತಲೆಯಾಡಿಸಿದರು. ಗದ್ದಲದ ನಡುವೆ ನಿದ್ದೆ ಮಾಡುವ ಮರಿ ಒಳ್ಳೆಯ ಗುರುತು ಅಂತ ಆಮೇಲೆ ತಿಳಿಯಿತು.

ಈ ಕ್ಲಬ್ ಸೇರುವ ಮುಂಚೆ ಇನ್ನೊಂದು ಕಡೆ ಹೋಗಿದ್ದೆ, ಅದನ್ನೂ ಹೇಳಬೇಕು. ಅಲ್ಲಿ ಐದು ತಿಂಗಳ ಒಂದು ಗಂಡು ಮರಿಯನ್ನು ಗೂಟಕ್ಕೆ ಕಟ್ಟಿ, ದೊಡ್ಡ ಆಸಾಮಿಯೊಬ್ಬ ಬೆತ್ತ ಬೀಸುತ್ತ, ಕಣ್ಣಲ್ಲಿ ಕಣ್ಣಿಟ್ಟು ಎದುರಿಗೇ ನುಗ್ಗಿ ಬಂದ. ಮರಿ ಬೊಗಳಿತು, ನಿಜ. ಆದರೆ ಆ ಬೊಗಳು ಕೀರಲು. ಬಾಲ ಹೊಟ್ಟೆಯ ಕೆಳಗೆ, ಹಿಂಗಾಲು ಮಡಚಿ, ಹಿಂದೆ ಹೋಗಲು ಹಗ್ಗದ ಅಳತೆ ಹುಡುಕುತ್ತಿತ್ತು. ಸುತ್ತ ನಿಂತವರು "ನೋಡಿ, ಎಷ್ಟು ಖಡಕ್ಕು" ಅಂದರು. ಅಷ್ಟು ಎಳೆಯ ಮರಿಗೆ ಆ ಮನುಷ್ಯನಿಂದ ತಪ್ಪಿಸಿಕೊಳ್ಳುವುದೊಂದೇ ಆಸೆ ಇತ್ತು, ಅದನ್ನು ಅವರು ಧೈರ್ಯ ಅಂತ ಓದಿಕೊಂಡರು. ನಾನು ಅಲ್ಲಿಗೆ ಮತ್ತೆ ಹೋಗಲಿಲ್ಲ. ಆ ಮರಿಯ ಹಿಂಗಾಲು ಮಾತ್ರ ಇನ್ನೂ ಕಣ್ಣಲ್ಲಿದೆ.

ಕೆಂಚಿಯ ಮೊದಲ ಪಾಠ ಹನ್ನೊಂದನೇ ವಾರದಲ್ಲಿ. ಎದೆಗೆ ಅಗಲವಾದ ಪಟ್ಟಿ ಕಟ್ಟಿ, ಎರಡು ಮೀಟರ್ ಹಗ್ಗ ನನ್ನ ಕೈಯಲ್ಲಿ. ಎದುರಿಗೆ ಬಂದವರು ಹೆಲ್ಫರ್. ರಕ್ಷಣೆಯ ಪಾಠದಲ್ಲಿ ನಾಯಿಗೆ ಎದುರಾಳಿಯಾಗಿ ನಿಲ್ಲುವವರಿಗೆ ಇಲ್ಲಿ ಆ ಹೆಸರು, ಅರ್ಥ ಸಹಾಯಕ ಅಂತಲೇ. ಸಂಘದ ಪರೀಕ್ಷೆ ಪಾಸಾದವರು. ನಮ್ಮ ಹೆಲ್ಫರ್ ಆರಡಿ ಎತ್ತರದ, ಮೆದು ದನಿಯ ಮನುಷ್ಯ. ಅವರು ಕೆಂಚಿಯ ಮುಖ ನೋಡಲೇ ಇಲ್ಲ. ಅಡ್ಡಲಾಗಿ, ಭುಜ ತೋರಿಸಿಕೊಂಡು ಬಂದರು. ಕೈಯಲ್ಲಿ ಒಂದು ದಾರ, ದಾರದ ತುದಿಗೆ ಅಂಗೈ ಅಗಲದ ಮೆತ್ತಗಿನ ತೊಗಲಿನ ತುಂಡು. ಅದು ಹುಲ್ಲಿನ ಮೇಲೆ ಓತಿಕ್ಯಾತದ ಹಾಗೆ ಸರಕ್ಕನೆ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಕೆಂಚಿಯ ಕಿವಿ ನೆಟ್ಟಗಾಯಿತು, ಮಡಚಿದ ಕಿವಿಯೂ ಸೇರಿ. ಒಂದು ಸಲ ಹಾರಿದಳು, ತಪ್ಪಿತು. ಎರಡನೇ ಸಲ ಮೂಗಿಗೆ ತಾಗಿ ತಪ್ಪಿತು. ಮೂರನೇ ಸಲ ಹೆಲ್ಫರ್ ಬೇಕೆಂದೇ ಅರ್ಧ ಗಳಿಗೆ ತಡ ಮಾಡಿದರು. ಸಿಕ್ಕಿತು. ಅವರು ಹಗುರಾಗಿ ಒಂದು ಎಳೆತ ಎಳೆದು ದಾರ ಬಿಟ್ಟುಬಿಟ್ಟರು, ಕಳೆದುಕೊಂಡವರಂತೆ ಹಿಂದೆ ಸರಿದರು. ಮರಿ ತನ್ನ ತಲೆಗಿಂತ ದೊಡ್ಡ ತೊಗಲನ್ನು ಕಚ್ಚಿಕೊಂಡು, ತಲೆಯೆತ್ತಿ, ನನ್ನ ಸುತ್ತ ದುಂಡಗೆ ಓಡಿತು.

"ಕಸಿದುಕೊಳ್ಳಬೇಡಿ. ಅದು ಅವಳದು," ಅಂದರು ಹಿರಿಯರು. "ಬಗ್ಗಿ ಕೂತು, ಎದೆಯ ಕೆಳಗೆ ಕೈ ಕೊಟ್ಟು, ಸುಮ್ಮನೆ ಹಿಡಿದುಕೊಳ್ಳಿ." ಹಿಡಿದೆ. ಅಂಗೈಗೆ ಅವಳ ಎದೆ ಪಟಪಟ ಹೊಡೆದುಕೊಳ್ಳುವುದು ತಾಗಿತು, ಆಮೇಲೆ ನಿಧಾನವಾಯಿತು. ಹಲ್ಲು ಮಾತ್ರ ಸಡಿಲಲಿಲ್ಲ. ಇಡೀ ಪಾಠ ಮೂರು ನಿಮಿಷ. ಇನ್ನೊಂದು ಸಲ ಮಾಡೋಣವೇ ಅಂತ ಕೇಳಿದೆ. ಹಸಿವು ಇರುವಾಗಲೇ ಎಲೆ ಎತ್ತಬೇಕು ಎಂಬ ಅರ್ಥದ ಮಾತು ಹೇಳಿ ಕಾರಿನ ಕಡೆ ಕೈ ತೋರಿಸಿದರು.

ಹೆಲ್ಫರ್ ಬೆನ್ನು ತಿರುಗಿಸುವುದಕ್ಕೆ, ಓಡಿಹೋಗುವುದಕ್ಕೆ, ಸೋಲುವುದಕ್ಕೆ ಒಂದೊಂದಕ್ಕೂ ಅರ್ಥವಿದೆ. ಮರಿಯಲ್ಲಿ ಮೊದಲು ಎಬ್ಬಿಸುವುದು ಬೇಟೆಯ ಹುರುಪನ್ನು ಮಾತ್ರ. ಓಡುವುದನ್ನು ಅಟ್ಟುವ, ಹಿಡಿದದ್ದನ್ನು ಒಯ್ಯುವ ಆಸೆ. ಇಲ್ಲಿಯವರು ಅದಕ್ಕೆ 'ಬಾಯ್ಟೆ' ಅನ್ನುತ್ತಾರೆ. ಆ ಪದ ಮೊದಲ ಸಲ ಕಿವಿಗೆ ಬಿದ್ದಾಗ ಇವರೂ ನಮ್ಮ ಬೇಟೆಯನ್ನೇ ಹೇಳುತ್ತಿದ್ದಾರೆ ಅನಿಸಿ ಖುಷಿಯಾಗಿತ್ತು. ಬೆದರಿಕೆ, ನೇರ ನೋಟ, ಬೆತ್ತ ಇವೆಲ್ಲ ಬರುವುದು ವರ್ಷ ತುಂಬಿ, ನಾಯಿ ಮನಸ್ಸಿನಲ್ಲೂ ಬಲಿತ ಮೇಲೆ, ಅದೂ ಹನಿಹನಿಯಾಗಿ. ಬೆತ್ತವೂ ಮೆತ್ತನೆ ಹೊದಿಕೆಯದು.

ಹಿಡಿತದ ಬಗ್ಗೆ ಕ್ಲಬ್ಬಿನಲ್ಲಿ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಬಾಯಿ ಪೂರ್ತಿ ತುಂಬಬೇಕು, ದವಡೆಹಲ್ಲಿನವರೆಗೆ. ಹಿಡಿದ ಮೇಲೆ ಅಗಿಯಬಾರದು, ಜಾಗ ಬದಲಿಸುತ್ತ ಇರಬಾರದು, ಗುರುಗುಟ್ಟಬಾರದು. ಮುಂದಿನ ಹಲ್ಲಿನಲ್ಲಿ ಚಿವುಟಿದ ಹಾಗೆ ಹಿಡಿದರೆ ನಾಯಿಗೆ ಒಳಗೊಳಗೇ ಅಳುಕು ಇದೆ ಅಂತ, ಇಲ್ಲವೇ ಹೆಲ್ಫರ್ ಸರಿಯಾಗಿ ಕೊಡಲಿಲ್ಲ ಅಂತ. ಹಗ್ಗ ಹಿಡಿದವನ ಕೆಲಸ ಹಗ್ಗವನ್ನು ಒಂದೇ ಬಿಗಿಯಲ್ಲಿ ಇಡುವುದು. ಜೋತುಬಿದ್ದರೆ ಮರಿ ಮುಗ್ಗರಿಸುತ್ತದೆ, ಜಗ್ಗಿದರೆ ಹಲ್ಲು ಜಾರುತ್ತದೆ. ಹೆಲ್ಫರ್ ಒಂದು ಗಳಿಗೆ ಸಡಿಲ ಕೊಟ್ಟಾಗ ಮರಿ ಬಾಯಿ ಇನ್ನಷ್ಟು ತೆರೆದು ಒಳಕ್ಕೆ ತಳ್ಳಿ ಹಿಡಿಯುತ್ತದೆ. ಆ ಕ್ಷಣದಲ್ಲೇ ಅವರು ಸೋಲಬೇಕು. ಆಗ ಅವಳಿಗೆ ಅನಿಸುವುದು, ಆಳವಾಗಿ ಹಿಡಿದದ್ದಕ್ಕೆ ಈ ದೊಡ್ಡ ಮನುಷ್ಯ ಹಿಂದೆ ಹೋದ ಅಂತ.

ಇಷ್ಟು ಕೇಳಿಸಿಕೊಂಡೂ ನಾನು ತಪ್ಪು ಮಾಡಿದೆ. ನಾಲ್ಕು ತಿಂಗಳು ದಾಟಿದ ಮೇಲೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಆಗ ಎಳೆದಾಟದ ಆಟ ಪೂರ್ತಿ ನಿಲ್ಲಿಸಿ ಅಂದಿದ್ದರು. ಒಂದು ಸಂಜೆ ಆಫೀಸಿನಿಂದ ಬಂದವನು, ಕೆಂಚಿ ಟವೆಲ್ ಕಚ್ಚಿಕೊಂಡು ಬಂದಾಗ ಅವಳ ಉತ್ಸಾಹಕ್ಕೆ ಸೋತು ಇನ್ನೊಂದು ತುದಿ ಹಿಡಿದು ಎಳೆದೆ. ಜೋರಾಗೇ ಎಳೆದೆ. ಸಣ್ಣಗೆ ಒಂದು ಕುಂಯ್ ಅಂದಳು. ಟವೆಲ್ ಮೇಲೆ ಕಡಲೆಕಾಳಿನಷ್ಟು ರಕ್ತ, ಅದರ ಪಕ್ಕ ಒಂದು ಕೋರೆಹಲ್ಲು. ಹೇಗೂ ಬೀಳುವ ಹಲ್ಲೇ. ಆದರೆ ನೋವು ಅವಳ ನೆನಪಿನಲ್ಲಿ ಉಳಿಯಿತು. ಜನವರಿಯಲ್ಲಿ ಹಲ್ಲೆಲ್ಲ ಬಂದ ಮೇಲೆ ಮೈದಾನಕ್ಕೆ ಕರೆದೊಯ್ದರೆ, ಹಿಂದೆ ಗಬಕ್ಕನೆ ಬಾಯಿ ತುಂಬಿಕೊಳ್ಳುತ್ತಿದ್ದವಳು ಈಗ ತುದಿಹಲ್ಲಲ್ಲಿ ಮುಟ್ಟಿ, ಬಿಟ್ಟು, ನನ್ನ ಮುಖ ನೋಡಿದಳು. ಆ ನೋಟ ನನ್ನನ್ನು ಬಹಳ ದಿನ ಕಾಡಿತು.

ಹಿರಿಯರಿಗೆ ನಿಜ ಹೇಳಿದೆ. ಬೈಯಲಿಲ್ಲ. ಹೆಲ್ಫರ್ ಮತ್ತೆ ಮೊದಲಿನ ತೊಗಲಿಗೇ ಇಳಿದರು, ಅದಾದ ಮೇಲೆ ಒಳಗೆ ಮೆತ್ತೆ ಇರುವ, ಒಂದು ಕಡೆ ತೆಳ್ಳಗಾಗುವ ದಿಂಬು. ಕೆಂಚಿ ಹಿಡಿದ ತಕ್ಷಣ ಬಿಟ್ಟುಕೊಟ್ಟರು, ಎಳೆಯಲೇ ಇಲ್ಲ. ಒಂಬತ್ತು ಶನಿವಾರ ಹೀಗೇ ಹೋಯಿತು. ಹತ್ತನೆಯದರಲ್ಲಿ ಅವಳು ದಿಂಬಿನ ದಪ್ಪ ಭಾಗಕ್ಕೆ ಬಾಯಿ ಹಾಕಿ, ಕಣ್ಣು ಅರೆಮುಚ್ಚಿ, ಅಲುಗದೆ ನಿಂತಳು. ಹೆಲ್ಫರ್ ದಿಂಬಿನ ಆಚೆಯಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಒಂದು ಸಂಜೆಯ ಎರಡು ನಿಮಿಷಕ್ಕೆ ಎರಡು ತಿಂಗಳು ತೆತ್ತೆ. ಮರಿ ಸಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಲ್ಲು ಬರುವ ಕಾಲದಲ್ಲಿ ದಯವಿಟ್ಟು ಎಳೆದಾಡಬೇಡಿ.

ಆ ದಿನಗಳಲ್ಲಿ ನಮ್ಮಿಬ್ಬರನ್ನೂ ಕಾಪಾಡಿದ್ದು ಹೆಜ್ಜೆಜಾಡು. ಬೆಳಿಗ್ಗೆ ಆರೂವರೆಗೆ, ಮೊಳಕೆಯೊಡೆದ ಗೋಧಿ ಹೊಲದ ಅಂಚಿನಲ್ಲಿ ನಾನೊಬ್ಬನೇ ನಡೆಯುತ್ತಿದ್ದೆ. ಶುರುವಿಗೆ ಒಂದು ಕೋಲು ನೆಟ್ಟು, ಅದರ ಪಕ್ಕ ಕಾಲಿನಿಂದ ಚೌಕಾಕಾರದಲ್ಲಿ ನೆಲ ತುಳಿದು, ಅಲ್ಲಿಂದ ಹೆಜ್ಜೆಗೆ ಹೆಜ್ಜೆ ಸೇರಿಸಿ ನೇರ ಸಾಲು. ಒಂದೊಂದು ಹೆಜ್ಜೆಯೊಳಗೂ ಉಗುರಗಲದ ಸಾಸೇಜ್ ತುಂಡು. ಮುರಿದ ಹುಲ್ಲು, ತುಳಿದ ಮಣ್ಣು, ನನ್ನ ಬೂಟು, ಎಲ್ಲ ಸೇರಿ ಹೆಜ್ಜೆಯೊಳಗೆ ಒಂದು ವಾಸನೆ ಕಟ್ಟಿಕೊಳ್ಳುತ್ತದೆ. ಅದರಲ್ಲೇ ಊಟವೂ ಇದೆ ಅಂತ ಮೂಗಿಗೆ ಗೊತ್ತಾದರೆ ತಲೆ ಮೇಲೇಳುವುದಿಲ್ಲ. ಮೊದಲ ದಿನ ಇಪ್ಪತ್ತು ಹೆಜ್ಜೆ. ನಾನು ಕಾರಿನಿಂದ ಅವಳನ್ನು ಇಳಿಸಿ ತರುವಷ್ಟರಲ್ಲಿ ಕಾಗೆಗಳು ಅರ್ಧ ಸಾಲು ತಿಂದು ಮುಗಿಸಿದ್ದವು. ಆಗ ಕಂಡದ್ದು ಇದು: ತುಂಡು ಇಲ್ಲದ ಹೆಜ್ಜೆಯಲ್ಲೂ ಕೆಂಚಿ ಮೂಗಿಟ್ಟು, ಒಳಕ್ಕೆ ಎಳೆದು, ಮುಂದಿನದಕ್ಕೆ ಹೋದಳು. ಇಬ್ಬನಿಯಲ್ಲಿ ಅವಳ ಮೂಗಿನ ಸದ್ದು, ಒಲೆ ಊದುವ ಕೊಳವೆಯಿಂದ ಮೆಲ್ಲಗೆ ಗಾಳಿ ಬಿಟ್ಟ ಹಾಗೆ, ಫುಸ್ ಫುಸ್ ಅಂತ ಒಂದೇ ಲಯದಲ್ಲಿ. ಇಷ್ಟು ಏಕಾಗ್ರತೆಯಿಂದ ಕೆಲಸ ಮಾಡುವ ಜೀವವನ್ನು ನಾನು ಆಫೀಸಿನಲ್ಲೂ ಕಂಡಿಲ್ಲ, ಮನೆಯಲ್ಲೂ ಕಂಡಿಲ್ಲ. ಆಮೇಲೆ ತಿರುವು ಬಂತು, ಸಾಲಿನ ಮೇಲೆ ಇಟ್ಟ ಸಣ್ಣ ಮರದ ತುಂಡಿನ ಮುಂದೆ ಮಲಗಿ ತೋರಿಸುವುದು ಬಂತು. ಈಗ ಹತ್ತು ಮೀಟರ್ ಹಗ್ಗದ ತುದಿಯಲ್ಲಿ ನಾನು, ಮುಂದೆ ಅವಳು. ಜಾಡಿನ ಗುಟ್ಟು ಅವಳಿಗೆ ಗೊತ್ತು, ನಾನು ಹಿಂಬಾಲಿಸುವವನು.

ಡಿಸೆಂಬರ್‌ನಲ್ಲಿ ಎರಡು ವಾರ ಊರಿಗೆ ಬಂದಿದ್ದೆ. ಕೆಂಚಿ ಹೆಂಡತಿಯ ಬಳಿ ಇದ್ದಳು. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮಗನ ಮನೆಗೆ ಹೋದರೆ ಅವನೂ ಒಂದು ಜರ್ಮನ್ ಶೆಫರ್ಡ್ ಮರಿ ತಂದಿದ್ದ, ನಾಲ್ಕೂವರೆ ತಿಂಗಳು. "ಅಣ್ಣ, ಅಟ್ಯಾಕ್ ಟ್ರೈನಿಂಗ್ ಕೊಡಿಸ್ತಾ ಇದೀನಿ, ಮನೆಗೇ ಬರ್ತಾರೆ, ನೋಡು" ಅಂದ. ಸಂಜೆ ಒಬ್ಬರು ಬಂದರು. ಟೆರೇಸಿನಲ್ಲಿ ಕಂಬಿಗೆ ಚೈನಿನಿಂದ ಕಟ್ಟಿದ ಮರಿಯ ಮುಂದೆ ಗೋಣಿಚೀಲ ಸುತ್ತಿದ ಕೈ ಆಡಿಸುತ್ತ, ನಡುನಡುವೆ ಮರಿಯ ಮುಂಗಾಲಿಗೆ ಬೂಟಿನಿಂದ ಚುಚ್ಚುತ್ತ ಕೆಣಕಿದರು. ಮರಿ ಹುಚ್ಚೆದ್ದು ಕಿರುಚಿತು, ಚೈನಿಗೆ ಕುತ್ತಿಗೆ ಸಿಕ್ಕಿ ಕೆಮ್ಮಿತು. ಬಂದವರು ಹೋದ ಮೇಲೆ, ಪಕ್ಕದ ಮನೆಯ ಹುಡುಗ ಚೆಂಡು ಎತ್ತಿಕೊಳ್ಳಲು ಕೈ ಚಾಚಿದಾಗ ಅದೇ ಮರಿ ಅವನ ಕೈಗೆ ಹಾರಿತು. ತಾಗಲಿಲ್ಲ, ಸದ್ಯ. ನಾನು ತಮ್ಮನನ್ನು ಕೂರಿಸಿಕೊಂಡು ರಾತ್ರಿ ಹನ್ನೊಂದರವರೆಗೂ ಮಾತಾಡಿದೆ. ಕಿರುಕುಳ ಕೊಟ್ಟು ಎಬ್ಬಿಸಿದ ಸಿಟ್ಟಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವುದಿಲ್ಲ, ಮನುಷ್ಯನ ಚಾಚಿದ ಕೈ ಅಂದರೆ ನೋವು ಅಂತ ಅದು ಕಲಿಯುತ್ತಿದೆ ಅಂದೆ. "ಹಂಗಾದ್ರೆ ನೀನು ಅಲ್ಲಿ ಮಾಡ್ತಿರೋದೇನು ಅಣ್ಣ, ಅದೇ ಅಲ್ವಾ?" ಅಂದ. ಅವನದು ನ್ಯಾಯವಾದ ಪ್ರಶ್ನೆ. ಫೋನಿನಲ್ಲಿದ್ದ ವೀಡಿಯೋ ತೋರಿಸಿದೆ. ಹೆಲ್ಫರ್ ಪಾಠ ಮುಗಿಸಿ ಬೆಂಚಿನ ಮೇಲೆ ಕೂತಾಗ ಕೆಂಚಿ ಅವರ ಮೊಣಕಾಲಿಗೆ ಗಲ್ಲ ಒರಗಿಸಿ ನಿಂತ ವೀಡಿಯೋ. ಅವನು ಅದನ್ನು ಎರಡು ಸಲ ನೋಡಿದ. ಮರುದಿನ ಆ ಮನುಷ್ಯನಿಗೆ ಫೋನ್ ಮಾಡಿ ಬೇಡ ಅಂದ.

ವಸಂತ ಬಂದ ಮೇಲೆ ಕೆಲಸ ಬಿರುಸಾಯಿತು. ಬೊಗಳುವುದು ಮೊದಲು. ಹೆಲ್ಫರ್ ಕಂಬದ ಹಾಗೆ ನಿಂತಿರುತ್ತಾರೆ, ಕೆಂಚಿ ಹಗ್ಗದ ತುದಿಯಲ್ಲಿ. ಅವಳು ಒಂದೇ ತಾಳದಲ್ಲಿ, ತುಂಬಿದ ದನಿಯಲ್ಲಿ ಬೊಗಳಿದರೆ ಮಾತ್ರ ಅವರಿಗೆ ಜೀವ ಬರುತ್ತದೆ, ತೋಳು ಚಾಚುತ್ತಾರೆ. ಸುಮ್ಮನಾದರೆ ಅವರೂ ಕಲ್ಲು. ಪರೀಕ್ಷೆಯ ಅತಿ ಮೇಲಿನ ಹಂತದಲ್ಲಿ ನಾಯಿ ಮೈದಾನದ ಎರಡೂ ಬದಿಯ ಆರು ಮರೆಗಳನ್ನು ಸುತ್ತಿ ಹೆಲ್ಫರನ್ನು ಹುಡುಕಿ, ಅಲುಗದೆ ನಿಂತ ಅವರನ್ನು ಮುಟ್ಟದೆ ಬೊಗಳುತ್ತ ತಡೆದು ನಿಲ್ಲಿಸಬೇಕು. ಕಚ್ಚಲು ಎಷ್ಟೇ ಆಸೆ ಇದ್ದರೂ, ಸುಮ್ಮನೆ ನಿಂತ ಮನುಷ್ಯನನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅಂಕ ಹೋಗುತ್ತದೆ.

ಅದಕ್ಕಿಂತ ಕಷ್ಟದ್ದು 'ಔಸ್'. ಬಿಡು. ಹಿಂದಿನ ಕಾಲದಲ್ಲಿ ಕೊರಳಿಗೆ ಮುಳ್ಳಿನ ಪಟ್ಟಿ ಹಾಕಿ ಜಗ್ಗಿ ಬಿಡಿಸುತ್ತಿದ್ದರಂತೆ. ಇಲ್ಲಿ ವಿದ್ಯುತ್ ಪಟ್ಟಿ ಮುಂಚಿನಿಂದಲೂ ನಿಷಿದ್ಧ, 2022ರ ಜನವರಿಯಿಂದ ಮುಳ್ಳಿನ ಪಟ್ಟಿಯಂಥ ನೋವು ಕೊಡುವ ಸಾಧನಗಳನ್ನೂ ತರಬೇತಿಯಲ್ಲಿ ಬಳಸುವಂತಿಲ್ಲ. ಆಗ ಹಳಬರಲ್ಲಿ ಕೆಲವರು ಗೊಣಗಿದ್ದರಂತೆ. ನಮ್ಮ ಹಿರಿಯರ ಮಾತು ಬೇರೆ: ನೋವಿಗೆ ಬಿಟ್ಟ ನಾಯಿ ಮುಂದಿನ ಸಲ ಹಿಡಿಯುವಾಗಲೇ ಆ ನೋವನ್ನು ನೆನೆಸಿಕೊಂಡು ಹಿಡಿಯುತ್ತದೆ. ಟವೆಲ್‌ನ ಮೇಲಿನ ಆ ರಕ್ತದ ಚುಕ್ಕೆ ಕಂಡವನಾಗಿ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಮನೆಯಲ್ಲಿ ಶುರು ಮಾಡಿದೆ, ಒಂದು ಬೈಸ್‌ವುರ್ಸ್ಟ್ ಹಿಡಿದು. ಮಾತಿನ ಅರ್ಥ ಕಚ್ಚುವ ಸಾಸೇಜ್, ಎರಡು ಕಡೆ ಹಿಡಿ ಇರುವ ಸೆಣಬಿನ ಉರುಳೆ. ಅವಳು ಹಿಡಿದು ಎಳೆಯುವಾಗ ನಾನು ಅದನ್ನು ನನ್ನ ಎರಡೂ ಮೊಣಕಾಲಿಗೆ ಒತ್ತಿ ಹಿಡಿದು ಸತ್ತ ಸೌದೆಯ ಹಾಗೆ ಮಾಡಬೇಕು. ಎಳೆಯಬಾರದು, ಬೈಯಬಾರದು, ಕಣ್ಣು ಬಿಡಬಾರದು. ಒಂದೇ ಸಲ ಔಸ್ ಅಂದು ಕಾಯಬೇಕು. ಮೊದಲ ದಿನ ಗಡಿಯಾರ ನೋಡಿದ್ದೆ: ಎರಡು ನಿಮಿಷ ನಲವತ್ತು ಸೆಕೆಂಡು. ಬೆನ್ನು ಬಾಗಿ ಸೊಂಟ ಹಿಡಿದುಕೊಂಡಿತು, ಅವಳ ಉಸಿರು ನನ್ನ ಮಣಿಕಟ್ಟಿಗೆ ಬಿಸಿಯಾಗಿ ತಾಗುತ್ತಿತ್ತು. ಕೊನೆಗೆ ಬೇಜಾರಾಗಿಯೇ ಬಾಯಿ ಬಿಟ್ಟಳು. ಬಿಟ್ಟ ಆ ಕ್ಷಣವೇ ನಾನು ಉರುಳೆಯನ್ನು ಮತ್ತೆ ಜೀವ ಬಂದಂತೆ ಕುಣಿಸಿ ಅವಳಿಗೇ ಕೊಟ್ಟೆ. ಅವಳ ಮುಖದಲ್ಲಿ ಅಚ್ಚರಿ. ಬಿಟ್ಟರೆ ಆಟ ಮುಗಿಯುತ್ತದೆ ಅಂತ ತಿಳಿದಿದ್ದಳು, ಬಿಟ್ಟದ್ದಕ್ಕೇ ಆಟ ಮತ್ತೆ ಶುರುವಾಯಿತು. ಎರಡನೇ ಸಲ ಐವತ್ತು ಸೆಕೆಂಡು. ವಾರ ಕಳೆಯುವಷ್ಟರಲ್ಲಿ ನನ್ನ ಬಾಯಿಂದ ಮಾತು ಪೂರ್ತಿ ಬರುವ ಮುಂಚೆ ಬಾಯಿ ತೆರೆಯುತ್ತಿದ್ದಳು.

ಮೈದಾನದಲ್ಲಿ ಹೆಲ್ಫರ್ ಎದುರು, ಮೈ ಬಿಸಿಯಾಗಿ ನೆತ್ತರು ಕುದಿಯುವಾಗ ಅದೇ ಮಾತು ಕೇಳುವುದು ಬೇರೆ ಸಂಗತಿ. ಜೂನ್ ಪೂರ್ತಿ ಆಗಲಿಲ್ಲ. ಆ ತಿಂಗಳು ವರ್ಷ ತುಂಬಿದ್ದಕ್ಕೆ ಅರಿವಳಿಕೆ ಕೊಟ್ಟು ಸೊಂಟದ ಎಕ್ಸ್‌ರೇ ಆಯಿತು, ಕೀಲು ಚೆನ್ನಾಗಿವೆ ಅಂತ ಬಂತು, ಎತ್ತರದ ಜಿಗಿತಕ್ಕೆ ಆಮೇಲೆಯೇ ಕೈ ಹಾಕಿದೆವು. ಜುಲೈಯಲ್ಲಿ ನಾನು ಔಸ್ ಅಂದರೆ ಅವಳು ಕಣ್ಣು ಮಾತ್ರ ನನ್ನ ಕಡೆ ತಿರುಗಿಸುತ್ತಿದ್ದಳು, ಹಲ್ಲು ಹಾಗೇ. ನನ್ನ ದನಿ ಏರುತ್ತಿತ್ತು. "ನೀವು ಗಾಬರಿಯಾಗಿದ್ದೀರಿ, ಅದು ಹಗ್ಗದಲ್ಲಿ ಇಳಿದು ಅವಳಿಗೆ ಹೋಗುತ್ತಿದೆ," ಅಂದರು ಹಿರಿಯರು.

ಆಗಸ್ಟ್ ಎರಡನೇ ಶನಿವಾರ. ಸೆಕೆ. ಹೆಲ್ಫರ್ ಸೆಣಬಿನ ಹೊದಿಕೆಯ ತೋಳು ತೊಟ್ಟು ಓಡಿದರು, ಕೆಂಚಿ ಹಿಂದೆ ಹಾರಿ ಮೊಣಕೈ ಜಾಗದಲ್ಲಿ ಬಾಯಿ ತುಂಬ ಹಿಡಿದಳು. ಅವರು ಅವಳನ್ನು ಒಂದು ಸುತ್ತು ತಿರುಗಿಸಿ, ಬೆತ್ತ ಎತ್ತಿ ತೋರಿಸಿ, ನಿಂತರು. ಪೂರ್ತಿ ನಿಂತರು. ನಾನು ಹತ್ತು ಹೆಜ್ಜೆ ದೂರ. ಹಗ್ಗ ನೆಲದ ಮೇಲೆ ಬಿದ್ದಿತ್ತು, ಹಿರಿಯರು ಅದನ್ನು ನನ್ನ ಕೈಯಿಂದ ಬಿಡಿಸಿದ್ದರು. ಒಂದು ಉಸಿರು ಬಿಟ್ಟು, ಮನೆಯ ಹಜಾರದಲ್ಲಿ ಹೇಳುವ ದನಿಯಲ್ಲಿ ಔಸ್ ಅಂದೆ. ಅವಳ ಕಿವಿ ಹಿಂದಕ್ಕೆ ತಿರುಗಿತು. ದವಡೆ ತೆರೆಯಿತು. ನಾಲ್ಕು ಕಾಲೂ ನೆಲಕ್ಕೆ ಬಂದವು, ಕೂತಳು, ಹೆಲ್ಫರ್ ಮುಖಕ್ಕೆ ಕಣ್ಣು ನೆಟ್ಟು ಬೊಗಳತೊಡಗಿದಳು. ಜೊಲ್ಲಿನ ಎಳೆಯೊಂದು ತೋಳಿನಿಂದ ಅವಳ ಮೂತಿಯವರೆಗೆ ಬಿಸಿಲಲ್ಲಿ ಹೊಳೆದು ತುಂಡಾಯಿತು. ಎರಡು, ಮೂರು, ನಾಲ್ಕು ಬೊಗಳು. ಹೆಲ್ಫರ್ ಫಕ್ಕನೆ ತೋಳು ಕೊಟ್ಟರು, ಅವಳು ಹಿಡಿದಳು, ಅವರು ತೋಳನ್ನೇ ಕಳಚಿ ಬಿಟ್ಟುಕೊಟ್ಟರು. ಅದನ್ನು ಹೊತ್ತು ನನ್ನ ಸುತ್ತ ದುಂಡಗೆ ಓಡಿದಳು, ಹನ್ನೊಂದು ವಾರದ ಮರಿಯಾಗಿದ್ದಾಗ ಓಡಿದ ಹಾಗೇ. ನನಗೆ ಕಣ್ಣು ತುಂಬಿತು. ಬೆಂಚಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಅಂದ್ರೆ ಬಿಡೋದನ್ನ ಕಲಿಸೋಕೆ ಒಂದು ವರ್ಷ ಬೇಕಾಯ್ತಾ?" ಅಂದರು. ಹೌದಮ್ಮ ಅಂದೆ.

ಸೆಪ್ಟೆಂಬರ್ ಕೊನೆಗೆ ಬಿಎಚ್, ಅಂದರೆ ಜನರ ನಡುವೆ ಜೊತೆಗಿರುವ ನಾಯಿಯ ಪರೀಕ್ಷೆ, ಬರೆದೆವು. ಇದಕ್ಕೆ ನಾಯಿಗೆ ಕನಿಷ್ಠ ಹದಿನೈದು ತಿಂಗಳು ಆಗಿರಬೇಕು, ಇದು ಪಾಸಾಗದೆ ರಕ್ಷಣೆಯ ಪರೀಕ್ಷೆಗೆ ಬಿಡುವುದಿಲ್ಲ. ಮೊದಲ ಸಲ ಕೂರುವವರಾದ್ದರಿಂದ ನನಗೂ ಲಿಖಿತ ಪ್ರಶ್ನೆಪತ್ರಿಕೆ, ಜರ್ಮನ್‌ನಲ್ಲಿ. ಆಮೇಲೆ ಮೈದಾನದಲ್ಲಿ ಹಗ್ಗ ಹಾಕಿ, ಹಗ್ಗ ತೆಗೆದು ಜೊತೆ ನಡಿಗೆ, ಜನರ ಗುಂಪಿನ ನಡುವೆ ಹಾದುಹೋಗುವುದು, ಕೂರಿಸಿ ಬಿಟ್ಟುಹೋಗುವುದು, ಮಲಗಿಸಿ ದೂರದಿಂದ ಕರೆಯುವುದು. ಮಧ್ಯಾಹ್ನ ಊರೊಳಗೆ. ಸೈಕಲ್ ಬೆಲ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು, ಒಬ್ಬರು ಓಡುತ್ತ ಬಂದು ಮುಂದೆ ದಾಟಿದರು. ಆಮೇಲೆ ಅವಳನ್ನು ಒಂದು ಬೇಲಿಗೆ ಕಟ್ಟಿ ನಾನು ಅಂಗಡಿಯ ಮರೆಗೆ ಹೋಗಬೇಕಿತ್ತು. ಇನ್ನೊಂದು ನಾಯಿ ಹಾದುಹೋಗುವಾಗ ಅವಳು ಹೇಗಿರುತ್ತಾಳೆ ಅಂತ ತೀರ್ಪುಗಾರರು ನೋಡುತ್ತಾರೆ. ಗೋಡೆಯ ಹಿಂದೆ ನಿಂತು ಕಿವಿ ಕೊಟ್ಟೆ. ಒಂದು ಬೊಗಳೂ ಇಲ್ಲ. ಆಮೇಲೆ ಹೇಳಿದರು, ಅವಳು ಆ ನಾಯಿಯ ಕಡೆ ಒಮ್ಮೆ ನೋಡಿ, ನಾನು ಹೋದ ಮೂಲೆಯ ಕಡೆಗೇ ಮುಖ ಮಾಡಿ ಕೂತಿದ್ದಳಂತೆ. ಅವತ್ತು ಪಾಸಾದ ಆರು ನಾಯಿಗಳಲ್ಲಿ ಕೆಂಚಿಯೂ ಒಂದು.

ಎಲ್ಲ ನಾಯಿಗೂ ಇದು ಆಗುವುದಿಲ್ಲ. ಈ ವರ್ಷವೇ ಹಿರಿಯರು ಒಬ್ಬ ಹುಡುಗಿಗೆ, ನಿನ್ನ ನಾಯಿಗೆ ಮೈದಾನದ ಸದ್ದೇ ಭಾರ, ಅದಕ್ಕೆ ರಕ್ಷಣೆಯ ಪಾಠ ಬೇಡ ಅಂದರು. ಅವಳು ಅತ್ತಳು. ಈಗ ಅದೇ ನಾಯಿ ಹೆಜ್ಜೆಜಾಡಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದೆ.

ಮುಂದಿನ ತಿಂಗಳು ಕೆಂಚಿಗೆ ಹದಿನೆಂಟು ತುಂಬುತ್ತದೆ, ಐಜಿಪಿ ಒಂದನೇ ಹಂತಕ್ಕೆ ಬೇಕಾದ ವಯಸ್ಸು. ಪರೀಕ್ಷೆಗೆ ವಸಂತದಲ್ಲಿ ಹೋಗೋಣ, ಅವಸರ ಬೇಡ ಅಂದಿದ್ದಾರೆ. ಹೆಜ್ಜೆಜಾಡು 300 ಹೆಜ್ಜೆ, ಎರಡು ತಿರುವು. ನಾಳೆ ಭಾನುವಾರ, ಮಂಜು ಬೀಳುವ ಲಕ್ಷಣವಿದೆ. ಸಾಸೇಜ್ ಕತ್ತರಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಅವಳು ಫ್ರಿಜ್ಜಿನ ಮುಂದೆ ಮಲಗಿದ್ದಾಳೆ.